ನಿನಗೆ ಕಾಣದ ಹದ್ದು

ಪ್ರೀತಿಯ ತಂಗಿ,

ನಿನ್ನ ಗೋಕರ್ಣದ ಬರಹ ಎರಡು ಸಲ ಓದಿದೆ. ಜೊತೆಗಿದ್ದ ಪತ್ರವನ್ನು ನಾಲ್ಕು ಸಲ. ಯಾವ ಪತ್ರಿಕೆಗೆ ಕಳಿಸಲಿ, ಎಷ್ಟು ಪುಟ ಇರಬೇಕು ಅಂತ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ನನ್ನ ತಲೆಯಲ್ಲಿ ಕೂತಿರುವುದು ಆ ಹದ್ದು.

ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡ ದಾಟುವಾಗ ಬಿಳಿ ಹೊಟ್ಟೆಯ ಕಡಲ ಹದ್ದು ನೀರಿಗೆರಗಿ ಮೀನು ಎತ್ತಿತು, ನೀನು ಉಸಿರು ಬಿಗಿಹಿಡಿದು ನೋಡಿದೆ. ಇದು ಬರಹ. ಪತ್ರದಲ್ಲಿ ಬೇರೆಯೇ ಇದೆ. ಮುಂದಿದ್ದವರು 'ಅದೋ, ಅದೋ' ಅಂತ ಕೂಗಿದಾಗ ನೀನು ಹಿಂದೆ ಕೂತು ಗೆಳತಿಯ ಹೆಬ್ಬೆರಳಿಗೆ ಕರವಸ್ತ್ರ ಕಟ್ಟುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಬರೀ ಆಕಾಶ. ಎಲ್ಲರೂ ಕಂಡದ್ದು ನಿನಗೆ ಕಾಣಲಿಲ್ಲ ಅಂತ ರಾತ್ರಿ ಅತ್ತುಬಿಟ್ಟೆಯಂತೆ.

ಅದನ್ನು ಬರೆಯೇ, ತಂಗಿ! ಅದನ್ನು ಬಿಟ್ಟು ಇನ್ನೊಬ್ಬರ ಹದ್ದು ಯಾಕೆ ಬೇಕಿತ್ತು? ಗುಂಪಿನಲ್ಲಿ ನಡೆದರೆ ಹಕ್ಕಿ ಜಾಸ್ತಿ ಸಿಗುತ್ತವೆ, ನಿಜ. ಪಟ್ಟಿ ಮಾಡಲು ಅದು ಸರಿ.

ನನ್ನದೊಂದು ಹಳೇ ಸಂಕಟ ಕೇಳು. ಮೂವತ್ತು ವರ್ಷದ ಹಿಂದೆ ಇಂಥದ್ದೇ ಗುಂಪಿನ ಜೊತೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಬಿರಿದು, ಕಂಬಗಳಾದ ಜಾಗ. ಕಂಬಕ್ಕೆ ಆರು ಮುಖ ಅಂತ ಓದಿಕೊಂಡೇ ಹೋಗಿದ್ದೆ. ದೋಣಿಯ ಹುಡುಗ ಒಂದು ಕಂಬದ ಅಂಚಿನ ಮೇಲೆ ಬೆರಳಾಡಿಸಿ ಎಣಿಸಿದ. 'ಇದಕ್ಕೆ ಐದೇ ಉಂಟಲ್ಲ ಅಕ್ಕ' ಅಂದ. ಹೌದು, ಐದೇ. ಪಕ್ಕದ್ದಕ್ಕೆ ಏಳು. ಮನೆಗೆ ಬಂದು ಬರೆದದ್ದೇನು ಗೊತ್ತಾ? 'ಅಳೆದು ಕಡೆದಂಥ ಆರು ಮುಖದ ಕಂಬಗಳು.' ಹುಡುಗನ ಸುದ್ದಿಯೇ ಇಲ್ಲ. ಒಬ್ಬ ಸಂಪಾದಕರು ಆ ಸಾಲನ್ನೇ ಎತ್ತಿ ಹೊಗಳಿದರು, ಇಂಥದ್ದೇ ಇನ್ನಷ್ಟು ಕೊಡಿ ಅಂದರು. ಕೊಟ್ಟೆ, ವರ್ಷಗಟ್ಟಲೆ. ಆ ಹೊಗಳಿಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹುಡುಗನ ಮುಖ ನೆನಪಿಗೇ ಬರುವುದಿಲ್ಲ. ಅದು ಇನ್ನೂ ಜಾಸ್ತಿ ಕಾಡುತ್ತದೆ.

ಗುಡ್ಡದ ಕೆಂಪು ಕಲ್ಲನ್ನು 'ಯುಗಗಳ ಮೌನ ಸಾಕ್ಷಿ' ಅಂದಿದ್ದೀಯ. ಅದು ಚಿರೇಕಲ್ಲು ಕಣೇ. ಮಳೆ ಬೇರೆಲ್ಲ ತೊಳೆದುಕೊಂಡು ಹೋಗಿ ಕಬ್ಬಿಣದ ಅಂಶ ಉಳಿದ ಕಲ್ಲು. ಹೊನ್ನಾವರದ ನಿಮ್ಮ ಮನೆಯ ಗೋಡೆಯೂ ಅದೇ ಅಲ್ವಾ? ಸುಣ್ಣ ಉದುರಿದ ಕಡೆ ಚಿಕ್ಕವಳಿದ್ದಾಗ ತೂತಿಗೆ ಬೆರಳು ಹಾಕಿರುತ್ತೀಯ. ಅಲ್ಲಿಂದ ಶುರು ಮಾಡಬಹುದಿತ್ತು.

ಒಂದು ಕಡೆ ಮಾತ್ರ ನಾನು ಓದುವುದು ನಿಲ್ಲಿಸಿ ಸುಮ್ನೆ ಕೂತೆ. ರಾವಣನ ಮೀಸೆ ಹುಲ್ಲಿನ ಮುಳ್ಳುಚೆಂಡು ಗಾಳಿಗೆ ಮರಳ ಮೇಲೆ ಓಡಿ ಬಂದು, ಆಡಿನ ಗೊರಸಿನಂಥ ಎಲೆಯ ಬಳ್ಳಿಗೆ ಸಿಕ್ಕಿ, ನೇರಳೆ ಹೂವಿನ ಪಕ್ಕ ನಡುಗುತ್ತ ನಿಂತಿತ್ತು ಅಂತ ಬರೆದಿದ್ದೀಯಲ್ಲ, ಅಲ್ಲಿ. ಅದನ್ನು ನೀನೇ ನೋಡಿದ್ದು. ಅದರಲ್ಲಿ ಒಂದಕ್ಷರ ಮುಟ್ಟಬೇಡ.

ಹದ್ದಿನ ಭಾಗ ಮತ್ತೆ ಬರೆದು ಕಳಿಸು. ಗೆಳತಿಯ ಬೆರಳಿಗೆ ಆದದ್ದೇನು? ಕಲ್ಲಿಗೆ ಎಡವಿದ್ದಾ, ಮುಳ್ಳು ಚುಚ್ಚಿದ್ದಾ? ನೀನು ಹೇಳಲೇ ಇಲ್ಲ.

ನಿನ್ನ
ಅಕ್ಕ