ನಿನ್ನ ಕಥೆಯ ಹರ್ಮನ್

ಪ್ರೀತಿಯ ತಮ್ಮಾ,

ನಿನ್ನ ಕಥೆ ಓದಿದೆ. 1870ರ ದಶಕದ ಮಂಗಳೂರು, ಹಂಚಿನ ಕಾರ್ಖಾನೆ, ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್. ವಾತಾವರಣ ಚೆನ್ನಾಗಿ ಕಟ್ಟಿದ್ದೀಯ. ಆದರೆ ಹರ್ಮನ್ ಅಂದರೆ ದಂಡಿನವನು ಅಂತ ಅರ್ಥ ಹೇಳಿ, ಅಲ್ಲಿಂದ ಮುಂದೆ ಅವನನ್ನು ಯುದ್ಧಕ್ಕೆ ಹೊರಟವನಂತೆ ನಡೆಸಿದ್ದು ನನಗೆ ಹಿಡಿಸಲಿಲ್ಲ.

ಅರ್ಥವೇನೋ ಸರಿಯೇ. ಹಳೆಯ ಜರ್ಮನ್ನಿನಲ್ಲಿ 'ಹೆರಿ' ಅಂದರೆ ಸೇನೆ, 'ಮನ್' ಅಂದರೆ ಗಂಡಸು. ಎರಡು ಪದ ಜೋಡಿಸಿ ಹೆಸರಿಡುವುದು ಅವರ ಪದ್ಧತಿ. ಜೋಡಿಸಿದ ಮೇಲೆ ಅರ್ಥ ಕೂಡಲೇಬೇಕೆಂಬ ಹಟ ಇರಲಿಲ್ಲ. ಹೆಣ್ಣುಮಕ್ಕಳ ಹೆಸರು ಹಿಲ್ಡೆಗುಂಡ್ ನೋಡು, ಎರಡೂ ಪದಕ್ಕೆ ಯುದ್ಧ ಅಂತಲೇ ಅರ್ಥ! ಮಗನನ್ನು ಊಟಕ್ಕೆ ಕೂಗುವ ತಾಯಿಗೆ ಸೇನೆ ನೆನಪಾಗುತ್ತದೆಯೇ?

ನಿನಗೆ ಕೆಲಸಕ್ಕೆ ಬರುವುದು ಹೆಸರಿನ ಚರಿತ್ರೆ. ಕ್ರಿ.ಶ. 9ರಲ್ಲಿ ಆರ್ಮಿನಿಯಸ್ ಎಂಬ ಜರ್ಮನ್ ಬುಡಕಟ್ಟಿನ ನಾಯಕ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮಿನ ಮೂರು ದೊಡ್ಡ ಸೇನಾದಳ, ಅಂದರೆ ಲೀಜನ್‌ಗಳನ್ನು ನಾಶಮಾಡಿದ. 16ನೇ ಶತಮಾನದ ಜರ್ಮನ್ನರು ಅವನಿಗೆ ಹರ್ಮನ್ ಎಂಬ ಹೆಸರು ಅಂಟಿಸಿದರು. ಎರಡೂ ಒಂದೇ ಹೆಸರು ಎಂದು ಭಾಷಾತಜ್ಞರು ಈಗ ಒಪ್ಪುವುದಿಲ್ಲ, ಬಿಡು. ಅಂಟಿಸಿದ್ದು ಅಂಟಿಕೊಂಡಿತು. ಜರ್ಮನಿ ಒಂದಾದ ನಾಲ್ಕು ವರ್ಷಕ್ಕೆ, 1875ರಲ್ಲಿ, ಡೆಟ್ಮೋಲ್ಡ್ ಹತ್ತಿರದ ಗುಡ್ಡದ ಮೇಲೆ ಕತ್ತಿ ಎತ್ತಿ ನಿಂತ ಹರ್ಮನ್ ಸ್ಮಾರಕ ಪೂರ್ತಿಯಾಯಿತು. ಕತ್ತಿಯ ತುದಿವರೆಗೆ ಸುಮಾರು 53 ಮೀಟರ್. ಊರಿಗೆ ರಜೆಯಲ್ಲಿ ಹೋದ ನಿನ್ನ ಪಾದ್ರಿಯನ್ನು ನೆಂಟರು ಈ ಹೆಸರು ಹಿಡಿದು ಕೆಣಕಿರಬಹುದು, ಅಲ್ವಾ? ಆ ದೃಶ್ಯ ಬರಿ.

ಹಾಗಂತ ಹರ್ಮನ್‌ಗಳೆಲ್ಲ ಕತ್ತಿ ಎತ್ತಿದವರಲ್ಲ. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಮೊಗ್ಲಿಂಗ್ ಹರ್ಮನ್. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಹರ್ಮನ್. ಅವರ ಮಗಳ ಮಗ, ಕಾದಂಬರಿಕಾರ ಹೆಸ್ಸೆಯೂ ಹರ್ಮನ್.

ಇನ್ನೊಂದು ಮಾತು. ಕಾರ್ಖಾನೆಯ ಹುಡುಗ "ಹರ್ಮನ್, ಬನ್ನಿ" ಅನ್ನುತ್ತಾನಲ್ಲ, ಅದು ಸುಮ್ನೆ ಸಿನಿಮಾ ಆಯಿತು. ಆ ಕಾಲದ ಜರ್ಮನ್ನರು ಜೊತೆಗೆ ಕೆಲಸ ಮಾಡುವವರನ್ನೂ ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದರು. ಹುಡುಗ "ಪಾದ್ರಿಗಳೇ" ಅನ್ನಲಿ. ಹರ್ಮನ್ ಅನ್ನುವುದನ್ನು ಹೆಂಡತಿಯ ಕಾಗದಕ್ಕೆ ಉಳಿಸಿಕೋ.

ಕೊನೆಯಲ್ಲಿ ಬರುವ ಇಂದಿನ ಇಪ್ಪತ್ತರ ಹುಡುಗನಿಗೂ ಅದೇ ಹೆಸರಿಟ್ಟಿದ್ದೀಯ. ಈಗ ಅಲ್ಲಿ ಅದು ಅಜ್ಜಂದಿರ ಹೆಸರು. ಯೋನಾಸ್ ಅಂತಲೋ ಲೂಕಾಸ್ ಅಂತಲೋ ಇಡು. ತಿದ್ದಿದ್ದನ್ನು ಕಳಿಸು, ಓದುತ್ತೇನೆ.

ನಿನ್ನ,
ಅಣ್ಣ