ಆ ಎರಡು ಕಿಲೋ

ಪುಟ್ಟಿ,

ರಾತ್ರಿ ಫೋನಿನಲ್ಲಿ ಅಳುತ್ತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರು ಉಪ್ಪಿನಕಾಯಿ ಕದ್ದು ತಿಂದದ್ದು ಹೋಗಲಿ. ತೂಕ ಸುಳ್ಳು ಬರೆದರು ಅಂದೆಯಲ್ಲ, ನನಗೆ ನಿದ್ದೆ ಹತ್ತದೇ ಇದ್ದದ್ದು ಅದಕ್ಕೆ.

ಅವರಿಗಿರುವ ಹಾರ್ಟ್ ಫೇಲ್ಯೂರ್‌ನಲ್ಲಿ, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾರದ ಕಾಯಿಲೆಯಲ್ಲಿ, ಮೈಯಲ್ಲಿ ನಿಂತ ನೀರು ಎಷ್ಟೋ ಸಲ ಮೊದಲು ತೂಕದಲ್ಲೇ ಗೊತ್ತಾಗುವುದು. ಕಾಲು ಊದುವುದು, ಮಲಗಿದರೆ ಉಸಿರು ಕಟ್ಟುವುದು ಆಮೇಲೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು, ದಿನಾ ಅದೇ ಮಷೀನು, ಅಷ್ಟೇ ಬಟ್ಟೆ. ಒಂದೇ ದಿನಕ್ಕೆ 1 ಕಿಲೋ ಮೀರಿದರೆ, ಇಲ್ಲವೇ 3 ದಿನದಲ್ಲಿ 2 ಕಿಲೋ ಏರಿದರೆ, ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕು. ನಿನ್ನ ಬೈಗುಳಕ್ಕೆ ಹೆದರಿ ಆ 2 ಕಿಲೋ ಮುಚ್ಚಿಟ್ಟರೆ ಮತ್ತೆ ಐಸಿಯು ಕಣೇ. ತೂಕ ಅವರೇ ನೋಡಿ ಅವರೇ ಬರೆಯಲಿ. ಏರಿದ್ದರೆ ‘ಏನು ತಿಂದಿರಿ’ ಅಂತ ವಿಚಾರಣೆಗೆ ನಿಲ್ಲಬೇಡ. ‘ರಾತ್ರಿ ದಿಂಬು ಹೆಚ್ಚು ಬೇಕಾಯಿತಾ, ಮಾತ್ರೆ ತಪ್ಪಿತಾ’ ಅಂತ ಕೇಳು.

ಮಾತ್ರೆ ಅಂದೆ ನೋಡು: ಮದುವೆ, ಬಸ್ಸು ಅಂದರೆ ಗಂಡಸರು ನೀರಿನ ಮಾತ್ರೆ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವುದು) ಬಿಟ್ಟೇಬಿಡುತ್ತಾರೆ. ಬಿಡುವ ಬದಲು ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ; ಅವು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ.

ಅವರಿಗೊಂದು ಸಪ್ಪೆ ಸಾರು, ಉಳಿದವರಿಗೆ ರುಚಿಯದು ಅಂತ ಮಾಡಿದರೆ ಕದಿಯದೆ ಏನು ಮಾಡುತ್ತಾರೆ? ಎಲ್ಲರಿಗೂ ಒಂದೇ ಅಡುಗೆ ಮಾಡು. ಅವರ ಪಾಲಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಮಟ್ಟಸ ಒಂದು ಟೀ ಚಮಚ. ಹಪ್ಪಳ, ಬಾಳಕ, ಬೇಕರಿ ಖಾರ ಎಲ್ಲಾ ಅದರೊಳಗೇ. ನಿಮ್ಮತ್ತೆ ತರಿಸಿದ ‘ಲೋ ಸೋಡಿಯಂ’ ಉಪ್ಪು ಮುಟ್ಟಬೇಡಿ. ಅದರಲ್ಲಿ ಪೊಟ್ಯಾಸಿಯಂ ಇದೆ. ಅವರು ನುಂಗುವ, ಪೊಟ್ಯಾಸಿಯಂ ಹಿಡಿದಿಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಜೊತೆ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು.

ಅಮೆರಿಕದಲ್ಲಿ ಜೇಮ್ಸ್ ಕಾಯ್ನ್ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಾಯಿಲೆಯವರ ಪೈಕಿ ದಾಂಪತ್ಯ ಚೆನ್ನಾಗಿದ್ದವರು ಹೆಚ್ಚು ಕಾಲ ಬದುಕಿದ್ದರು. ಹಾಗಂತ ಅವರ ಆಯಸ್ಸನ್ನು ನಿನ್ನ ತಲೆಗೆ ಕಟ್ಟುತ್ತಿಲ್ಲ. ಆಸ್ಪತ್ರೆಯಲ್ಲಿ ನೀನು ಒಬ್ಬಳೇ ನಿಭಾಯಿಸಿದ್ದು ನೆನೆದರೆ ಈಗಲೂ ಹೆಮ್ಮೆ. ಪಾಠ ಜಾಸ್ತಿಯಾಯಿತು, ಬೇಜಾರಾಗಬೇಡ. ಮಾತ್ರೆಯನ್ನು ಬಾಯಿಗೇ ಇಡುವಷ್ಟು ಮಾತ್ರ ಮಾಡಬೇಡ. ನೀನು ಊರಿಗೆ ಬಂದ ದಿನ ಅವರಿಗೆ ಯಾವುದು ಬೆಳಗಿನದು, ಯಾವುದು ರಾತ್ರಿಯದು ಗೊತ್ತಾಗುವುದಿಲ್ಲ.

ತೂಕದ ವಿಷಯ ಇನ್ನೊಮ್ಮೆ: ಸುಳ್ಳು ಬರೆದ ದಿನಗಳನ್ನು ಅವರ ಕೈಯಲ್ಲೇ ತಿದ್ದಿಸು. ಶುಕ್ರವಾರ ಆ ಪುಸ್ತಕ ತೆಗೆದುಕೊಂಡು ಇಬ್ಬರೂ ಒಳಗೆ ಹೋಗಿ. ಡಾಕ್ಟರು ಕೇಳಿದ್ದಕ್ಕೆ ಮೊದಲು ಅವರೇ ಉತ್ತರ ಹೇಳಲಿ.

ನಿನ್ನ
ಅಮ್ಮ