ಮೂರು ‘ಎ’ ಗುಂಡಿ ಇಟ್ಟ ಮಾತ್ರಕ್ಕೆ ಜಾಲತಾಣ ಓದಲು ಬಾರದು

ಸಂಪಾದಕರಿಗೆ,

ಮಾನ್ಯರೇ,

ಯಾವುದೇ ನಗರಸಭೆ, ಪುರಸಭೆಯ ಜಾಲತಾಣ ತೆರೆಯಿರಿ. ಮೇಲ್ತುದಿಯಲ್ಲಿ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ‘ಎ’ ಅಕ್ಷರಗಳಿರುತ್ತವೆ. ಪಕ್ಕದಲ್ಲಿ ‘ಸ್ಕ್ರೀನ್ ರೀಡರ್’ (ಪರದೆಯ ಅಕ್ಷರಗಳನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಎಂಬ ಕೊಂಡಿ. ಈಚೆಗೆ ಕೆಲವು ಕಡೆ, ಒತ್ತಿದರೆ ಪುಟವನ್ನು ಅಂಗವಿಕಲರಿಗೆ ಹೊಂದಿಸಿಕೊಡುತ್ತೇನೆನ್ನುವ ನೀಲಿ ಗುಂಡಿಯೊಂದೂ ಮೂಲೆಯಲ್ಲಿ ಬಂದು ಕೂತಿದೆ. ಇಷ್ಟಾದರೆ ‘ಅಂಗವಿಕಲಸ್ನೇಹಿ’ ಎಂದು ಕಡತದಲ್ಲಿ ಬರೆದು ಮುಗಿಸುತ್ತಾರೆ. ಅಕ್ಷರ ದೊಡ್ಡದಾಗಬೇಕಾದರೆ ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಆಯಿತು, ಅದು ಎಲ್ಲ ಬ್ರೌಸರ್‌ಗಳಲ್ಲೂ ಇದೆ. ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಮೊದಲೇ ಇರುತ್ತದೆ, ಎರಡೂ ಉಚಿತ. ಅವು ಓದುವಂಥ ಅಕ್ಷರ ಪುಟದಲ್ಲಿ ಇದೆಯೇ ಎಂಬುದನ್ನು ಮಾತ್ರ ಯಾರೂ ನೋಡುವುದಿಲ್ಲ.

ತೊಡಕು ಶುರುವಾಗುವುದು ಗುಮಾಸ್ತರ ಮೇಜಿನಲ್ಲಿ. ಪ್ರಕಟಣೆಯನ್ನು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಈ ಫಾಂಟಿನಲ್ಲಿ ಕನ್ನಡ ಇರುವುದು ಕಣ್ಣಿಗೆ ಮಾತ್ರ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಫೈಲಿನೊಳಗೆ ಅದು ದೊಡ್ಡ ‘ಪಿ’, ನೆತ್ತಿಯ ಮೇಲೆ ಗೀಟಿರುವ ಫ್ರೆಂಚ್ ‘ಎ’, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಮತ್ತೊಮ್ಮೆ ‘ಎ’. ಸ್ಕ್ರೀನ್ ರೀಡರ್ ಓದುವುದು ಇದನ್ನೇ. ನಂಬಿಕೆ ಬಾರದಿದ್ದರೆ ಅಂಥ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ ನೋಡಿ. ಕಣ್ಣು ಚೆನ್ನಾಗಿರುವವರಿಗೂ ಇದರಿಂದ ನಷ್ಟವೇ: ಇನ್ನೂರು ಪುಟದ ಪಟ್ಟಿಯಲ್ಲಿ ತಮ್ಮ ಬಡಾವಣೆಯ ಹೆಸರನ್ನು ಕನ್ನಡದಲ್ಲಿ ಟೈಪಿಸಿ ಹುಡುಕಿದರೆ ‘ಸಿಗಲಿಲ್ಲ’ ಎಂದೇ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು ಸ್ಕ್ಯಾನ್. ಟೈಪಿಸಿ, ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸಿದ ಪ್ರಕಟಣೆ ಬರೀ ಚಿತ್ರ. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ಸಹಿ ಕಾಣಬೇಕಲ್ಲ ಎಂಬ ಆಕ್ಷೇಪಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೇ ಉತ್ತರವಿದೆ, ಡಿಜಿಟಲ್ ಸಹಿಗೆ ಮಾನ್ಯತೆ ಉಂಟು. ಅದೂ ಬೇಡವೆಂದರೆ ಪ್ರಕಟಣೆಯ ಪಠ್ಯವನ್ನು ಪುಟದಲ್ಲೇ ಹಾಕಿ, ಸಹಿ ಇರುವ ಪ್ರತಿಯನ್ನು ಕೆಳಗೆ ಕೊಂಡಿಯಾಗಿ ಕೊಟ್ಟರಾಯಿತು.

ಇದಕ್ಕೆ ಹೊಸ ತಂತ್ರಾಂಶ ಕೊಳ್ಳಬೇಕಿಲ್ಲ. ಕನ್ನಡದ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್ ಪದ್ಧತಿಯ ಕೀಲಿಮಣೆ ಹಾಕಿಕೊಂಡು ತುಂಗಾ, ನಿರ್ಮಲಾ ಅಥವಾ ನೋಟೊ ಫಾಂಟಿನಲ್ಲಿ ಟೈಪ್ ಮಾಡಿದರೆ ಮುಕ್ಕಾಲು ಕೆಲಸ ಮುಗಿದಂತೆ. ಹಳೆಯ ಕಡತಗಳಿಗೆ ಉಚಿತ ಪರಿವರ್ತಕಗಳಿವೆ. ಆದರೆ ಪರಿವರ್ತಿಸಿದ್ದನ್ನು ಕಣ್ಣಾಡಿಸದೆ ಏರಿಸಬಾರದು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಹಾಗಾಗಿ ‘ವಾರ್ಡ್’, ‘ಕಾರ್ಯ’, ‘ವರ್ಷ’ ಇಂಥ ಪದಗಳನ್ನು ಮೊದಲು ನೋಡಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ರಾಶಿ ಮಾಡಿಬಿಡುತ್ತದೆ. ಇನ್ನು ವರ್ಡ್‌ನಲ್ಲಿ ಶೀರ್ಷಿಕೆಯನ್ನು ಬೋಲ್ಡ್ ಮಾಡಿದರೆ ಸಾಲದು, ‘ಹೆಡಿಂಗ್’ ಸ್ಟೈಲ್ ಕೊಡಬೇಕು. ಸ್ಕ್ರೀನ್ ರೀಡರ್ ಬಳಸುವವರು ಎಚ್ ಕೀ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ಕೋಷ್ಟಕದ ಮೊದಲ ಸಾಲನ್ನು ತಲೆಸಾಲು ಎಂದು ಗುರುತಿಸದಿದ್ದರೆ ‘1,250’ ಎಂದಷ್ಟೇ ಕೇಳುತ್ತದೆ, ಅದು ತೆರಿಗೆಯೋ ದಂಡವೋ ತಿಳಿಯದು. ಕೊನೆಗೆ ‘ಪ್ರಿಂಟ್ ಟು ಪಿಡಿಎಫ್’ ಬೇಡ, ಹಾಗೆ ಮಾಡಿದರೆ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್‌ನಲ್ಲಿ ‘ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್’ ಎಂಬುದಕ್ಕೆ ಟಿಕ್ ಹಾಕಿರಬೇಕು. ಇಷ್ಟೆಲ್ಲ ಮಾಡಿದರೂ ಪಿಡಿಎಫ್‌ನಲ್ಲಿ ಕನ್ನಡದ ಒತ್ತಕ್ಷರ ಕೆಲವೊಮ್ಮೆ ಜಾಗ ತಪ್ಪುತ್ತದೆ, ಏಕೆಂದರೆ ಪಿಡಿಎಫ್ ಹಿಡಿದಿಟ್ಟುಕೊಳ್ಳುವುದು ಅಕ್ಷರಗಳ ಆಕಾರವನ್ನು. ನೀರು ಬಿಡುವ ದಿನ, ವಾರ್ಡ್ ಸಭೆಯ ದಿನಾಂಕದಂಥ ನಾಲ್ಕು ಸಾಲಿನ ವಿಷಯಕ್ಕೆ ಪಿಡಿಎಫ್ ಏಕೆ ಬೇಕು ಎನ್ನುವುದೇ ನಮಗೆ ಅರ್ಥವಾಗದ ಸಂಗತಿ.

ಪುಟದ ಸಂಕೇತದಲ್ಲಿ, ಅಂದರೆ ಅದನ್ನು ಕಟ್ಟುವ ಕೋಡ್‌ನಲ್ಲಿ, ಒಂದು ಸಣ್ಣ ತಪ್ಪು ಎಲ್ಲೆಡೆ ಕಾಣುತ್ತದೆ. ಪುಟ ಪೂರ್ತಿ ಕನ್ನಡದಲ್ಲಿದ್ದರೂ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆಯ ಗುರುತು ‘ಇಎನ್’ ಎಂದಿರುತ್ತದೆ. ಬಳಸುವವರು ಕನ್ನಡ ದನಿಯನ್ನೇ ಆರಿಸಿಕೊಂಡಿದ್ದರೂ ಸ್ಕ್ರೀನ್ ರೀಡರ್ ಈ ಗುರುತನ್ನು ನಂಬಿ ಇಂಗ್ಲಿಷ್ ದನಿಗೆ ಹೊರಳುತ್ತದೆ, ಕನ್ನಡ ಬಂದಲ್ಲಿ ತಡವರಿಸುತ್ತದೆ. ಅದನ್ನು ‘ಕೆಎನ್’ ಮಾಡಲು ಒಂದು ಅಕ್ಷರ ತಿದ್ದಿದರೆ ಸಾಕು.

ಇನ್ನು ಆಸ್ತಿ ತೆರಿಗೆಯ ಅರ್ಜಿ. ಏಪ್ರಿಲ್‌ನೊಳಗೆ ಕಟ್ಟಿದರೆ ಶೇ 5ರ ರಿಯಾಯಿತಿ ಇರುವುದರಿಂದ ಜನ ಜಾಲತಾಣಕ್ಕೆ ಹೆಚ್ಚಾಗಿ ಬರುವುದು ಇದಕ್ಕೇ. ‘ಪಿಐಡಿ ಸಂಖ್ಯೆ’ (ಆಸ್ತಿಯ ಗುರುತಿನ ಸಂಖ್ಯೆ) ಎಂಬ ಪದ ಚೌಕದ ಪಕ್ಕದಲ್ಲಿ ಕಣ್ಣಿಗೆ ಕಂಡರೂ, ಸಂಕೇತದಲ್ಲಿ ಲೇಬಲ್ ಆಗಿ ಆ ಚೌಕಕ್ಕೆ ಕಟ್ಟಿಲ್ಲದಿದ್ದರೆ ಕಿವಿಗೆ ಬೀಳುವುದು ‘ಎಡಿಟ್, ಖಾಲಿ’ ಎಂದಷ್ಟೇ. ಆರು ಚೌಕಗಳಿದ್ದರೆ ಆರು ಸಲ ಅದೇ. ಅದನ್ನು ದಾಟಿದರೆ, ಬಂದವರು ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸುವ ಸೊಟ್ಟ ಅಕ್ಷರಗಳ ಚಿತ್ರ, ಕ್ಯಾಪ್ಚಾ. ಚಿತ್ರದಲ್ಲಿ ಏನಿದೆ ಎಂದು ಹೇಳಿದರೆ ಯಂತ್ರಕ್ಕೂ ತಿಳಿಯುತ್ತದೆ, ಹೇಳದಿದ್ದರೆ ಅಂಧರು ಹೊರಗೆ. ಮೊಬೈಲ್‌ಗೆ ಒಟಿಪಿ ಹೇಗೂ ಕಳಿಸುತ್ತಾರೆ, ಹಾಗಿದ್ದ ಮೇಲೆ ಕ್ಯಾಪ್ಚಾ ತೆಗೆದು ಒಂದು ವಿಳಾಸದಿಂದ ಗಂಟೆಗೆ ಇಷ್ಟೇ ಕೋರಿಕೆ ಎಂಬ ಮಿತಿಯನ್ನು ಸರ್ವರ್‌ನಲ್ಲಿ ಇಡಬಹುದು. ಒಟಿಪಿಯ ಅವಧಿ ಮುಗಿಯುವ ಮುನ್ನ ಎಚ್ಚರಿಸಿ, ಸಮಯ ಹೆಚ್ಚಿಸಿಕೊಳ್ಳುವ ಅವಕಾಶವೂ ಇರಬೇಕು. ಕೈ ನಡುಗುವವರು, ಒಂದೇ ಬೆರಳಲ್ಲಿ ಟೈಪಿಸುವವರು ತುಂಬಿದ್ದೆಲ್ಲ ಅಳಿದು ಮೊದಲಿನಿಂದ ಶುರು ಮಾಡುವಂತಾಗಬಾರದು. ತಪ್ಪಾದ ಚೌಕಕ್ಕೆ ಕೆಂಪು ಗೆರೆ ಎಳೆದು ಬಿಟ್ಟರೆ ಸಾಲದು, ‘ಪಿಐಡಿಯಲ್ಲಿ ಒಂದು ಅಂಕಿ ಕಡಿಮೆ ಇದೆ’ ಎಂದು ಅಲ್ಲೇ ಬರೆಯಬೇಕು.

2011ರ ಜನಗಣತಿಯಂತೆ ರಾಜ್ಯದ ಅಂಗವಿಕಲರು 13.24 ಲಕ್ಷ. ಇವರಲ್ಲಿ ಕಣ್ಣು ಕಾಣದವರು ಒಂದು ಪಾಲು ಮಾತ್ರ. ಕಿವಿ ಕೇಳದವರಿಗೆ ಬರೀ ದೂರವಾಣಿ ಸಂಖ್ಯೆ ಇರುವ ‘ಸಹಾಯವಾಣಿ’ ಇದ್ದೂ ಇಲ್ಲದಂತೆ, ಎಸ್‌ಎಂಎಸ್ ಅಥವಾ ವಾಟ್ಸ್‌ಆ್ಯಪ್ ಸಂಖ್ಯೆ ಜೊತೆಗಿರಬೇಕು. ಮೌಸ್ ಹಿಡಿಯಲಾಗದವರು ಟ್ಯಾಬ್ ಕೀ ಒತ್ತಿ ಮುಂದೆ ಹೋಗುತ್ತಾರೆ. ಬಾಣ ಮೇಲೆ ಬಂದಾಗ ಮಾತ್ರ ಬಿಚ್ಚಿಕೊಳ್ಳುವ ಮೆನು ಅವರಿಗೆ ತೆರೆಯುವುದೇ ಇಲ್ಲ. ತಾವು ಎಲ್ಲಿದ್ದೇವೆಂದು ತೋರಿಸುವ ಚೌಕಟ್ಟನ್ನು ಅಂದಗೆಡುತ್ತದೆಂದು ವಿನ್ಯಾಸಕರು ಅಳಿಸಿರುತ್ತಾರೆ. ಬಿಳಿಯ ಮೇಲೆ ತಿಳಿಬೂದು ಅಕ್ಷರ ಇನ್ನೊಂದು ಹುಚ್ಚು. ಕೋಡ್‌ನಲ್ಲಿ 999999 ಎಂದು ಬರೆಯುವ ಬೂದುಬಣ್ಣಕ್ಕೂ ಬಿಳಿಗೂ ಇರುವ ಹೊಳಪಿನ ವ್ಯತ್ಯಾಸ 2.85ಕ್ಕೆ 1, ಬೇಕಾದದ್ದು 4.5ಕ್ಕೆ 1. ಓಡುವ ಸುದ್ದಿಪಟ್ಟಿಗೆ ನಿಲ್ಲಿಸುವ ಗುಂಡಿ ಇರಬೇಕು. ಪಟ್ಟಿಯನ್ನೇ ತೆಗೆದರೆ ಇನ್ನೂ ಒಳ್ಳೆಯದು.

ಮೂಲೆಯ ನೀಲಿ ಗುಂಡಿಯನ್ನು ಬಾಡಿಗೆಗೆ ತಂದರೆ ಇದ್ಯಾವುದೂ ಸರಿಹೋಗದು. ಅದು ಸ್ಕ್ಯಾನ್ ಮಾಡಿದ ಹಾಳೆಯನ್ನು ಓದಿಸದು, ಮೌಸಿಗಷ್ಟೇ ಬಿಚ್ಚಿಕೊಳ್ಳುವ ಮೆನುವನ್ನು ಬಿಚ್ಚದು. ಇಂಥ ಗುಂಡಿ ಹಾಕಿದರೆ ಯಾವ ಜಾಲತಾಣವಾದರೂ ಮಾನದಂಡಕ್ಕೆ ಹೊಂದುತ್ತದೆ ಎಂದು ಪ್ರಚಾರ ಮಾಡಿದ ಕಂಪನಿಯೊಂದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ತೆರುವಂತೆ ಮಾಡಿತು.

ಕಾನೂನು ಸ್ಪಷ್ಟವಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ–2016ರ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನದ ಬಗ್ಗೆಯೇ ಇದೆ. ಕೇಂದ್ರದ ಜಾಲತಾಣ ಮಾರ್ಗಸೂಚಿಯ 3.0 ಆವೃತ್ತಿ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡದ 2.1 ಆವೃತ್ತಿಯ ‘ಎಎ’ ಹಂತವನ್ನು ಕೇಳುತ್ತದೆ. ನಿಯಮಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದು ಎಂದಿತು.

ಆದರೂ ಟೆಂಡರ್‌ನಲ್ಲಿ ‘ಮಾರ್ಗಸೂಚಿಗೆ ಅನುಗುಣವಾಗಿರತಕ್ಕದ್ದು’ ಎಂಬ ಒಂದು ಸಾಲು ಇರುತ್ತದೆ, ಅಷ್ಟೇ. ಅದರ ಬದಲು ಐದು ಕೆಲಸಗಳನ್ನು ಬರೆಯಿರಿ: ತೆರಿಗೆ ಕಟ್ಟಿ ರಸೀದಿ ಇಳಿಸಿಕೊಳ್ಳುವುದು, ದೂರು ದಾಖಲಿಸುವುದು, ಆ ದೂರು ಎಲ್ಲಿಗೆ ಬಂತೆಂದು ನೋಡುವುದು, ಜನನ ಪ್ರಮಾಣಪತ್ರದ ಮಾಹಿತಿ ಪಡೆಯುವುದು, ಇತ್ತೀಚಿನ ಪ್ರಕಟಣೆ ಓದುವುದು. ಸ್ಕ್ರೀನ್ ರೀಡರ್ ಬಳಸುವ ಇಬ್ಬರು, ಬರೀ ಕೀಲಿಮಣೆ ಬಳಸುವ ಒಬ್ಬರು, ಕಿವಿ ಕೇಳದ ಒಬ್ಬರು ಯಾರ ನೆರವೂ ಇಲ್ಲದೆ ಇವನ್ನು ಮುಗಿಸಬೇಕು. ತಪಾಸಣೆಯ ತಂತ್ರಾಂಶಗಳು ಹಿಡಿಯುವುದು ಒಂದಷ್ಟು ತಪ್ಪುಗಳನ್ನು ಮಾತ್ರ. ಚಿತ್ರಕ್ಕೆ ವಿವರಣೆ ಇದೆಯೇ ಎಂದು ಅವು ನೋಡುತ್ತವೆ, ಆ ವಿವರಣೆ ‘ಇಮೇಜ್ 1’ ಎಂದಿದ್ದರೂ ಹಲವು ಪಾಸು ಮಾಡುತ್ತವೆ. ಪರೀಕ್ಷಿಸಿದವರಿಗೆ ದಿನದ ಸಂಭಾವನೆ ಕೊಡಿ, ಅದನ್ನು ಜಾಲತಾಣದ ಗುತ್ತಿಗೆಯಲ್ಲೇ ಸೇರಿಸಿ. ಅಂಗವಿಕಲರ ಕಲ್ಯಾಣಕ್ಕೆಂದು ತೆಗೆದಿಡುವ ಶೇ 5ರ ಅನುದಾನಕ್ಕೆ ಇದಕ್ಕಾಗಿ ಕೈ ಹಾಕಬೇಡಿ.

ರಾಜ್ಯದ ಹೆಚ್ಚಿನ ನಗರ ಸ್ಥಳೀಯ ಸಂಸ್ಥೆಗಳ ಜಾಲತಾಣಗಳು ಒಂದೇ ಅಚ್ಚಿನಲ್ಲಿ ತಯಾರಾದವು. ಹಾಗಾಗಿ ಮೆನು, ಭಾಷೆಯ ಗುರುತು, ಬಣ್ಣ, ಲೇಬಲ್‌ಗಳನ್ನು ಪೌರಾಡಳಿತ ನಿರ್ದೇಶನಾಲಯದ ಮಟ್ಟದಲ್ಲಿ ಒಮ್ಮೆ ತಿದ್ದಿದರೆ ಊರೂರಿಗೂ ತಲುಪುತ್ತದೆ. ಪಿಡಿಎಫ್‌ಗಳು ಮಾತ್ರ ಆಯಾ ಕಚೇರಿಯವರೇ ಸರಿಮಾಡಬೇಕಾದವು. ಹತ್ತು ವರ್ಷದ ಹಳೆಯ ರಾಶಿಗೆ ಹೆದರುವುದು ಬೇಡ. ಇವತ್ತಿನಿಂದ ಏರುವುದೆಲ್ಲ ಯೂನಿಕೋಡ್‌ನಲ್ಲಿರಲಿ, ಹಿಂದಿನವುಗಳಲ್ಲಿ ತೆರಿಗೆ ದರಪಟ್ಟಿ ಮತ್ತು ಅರ್ಜಿ ನಮೂನೆಗಳನ್ನು ಮೊದಲು ಕೈಗೆತ್ತಿಕೊಳ್ಳಲಿ.

– ಜಾಲತಾಣ ಪರೀಕ್ಷೆಯ ಕೆಲಸದಲ್ಲಿರುವ ಕೆಲವರು, ಬೆಂಗಳೂರು